ಸೊಸೆ ತೆಗೆದ ಫೋಟೋ

ನೀರು ಸರಬರಾಜು ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಕಂಪ್ಯೂಟರಮ್ಮ ಎಂದೇ ಕರೆಯುತ್ತಿದ್ದರು. ಯಾವ ಬೀದಿಯ ನಲ್ಲಿಯಲ್ಲಿ ಎಂಥ ನೀರು ಬರುತ್ತದೆ ಎಂಬ ಪರೀಕ್ಷೆಯ ಫಲಿತಾಂಶಗಳನ್ನು ವರ್ಷಗಟ್ಟಲೆ ಅದರಲ್ಲಿ ಹಾಕಿದವಳು ಅವಳೇ. ಹೊಸದಾಗಿ ಬಂದ ಸಾಹೇಬರು ಊರಿನ ನೀರೆಲ್ಲ ಶುದ್ಧವೆಂದು ಸಭೆಯಲ್ಲಿ ಎದೆ ತಟ್ಟಿಕೊಂಡು ಹೇಳಿಬಿಟ್ಟರು. ವೆಬ್‌ಸೈಟ್ ಮಾತ್ರ ಅರ್ಧ ಊರಿನ ನೀರು ಕುಡಿಯಲು ಯೋಗ್ಯವಲ್ಲ ಎನ್ನುತ್ತಿತ್ತು.

"ಅಳಿಸಿಬಿಡಿ," ಎಂದರು ಸಾಹೇಬರು. "ಕಂಪ್ಯೂಟರಲ್ಲೂ ಬೇಡ, ಬೀರುವಿನ ಡಿಸ್ಕಲ್ಲೂ ಬೇಡ. ಸಂಜೆಯೊಳಗೆ ಹೇಳಹೆಸರಿಲ್ಲದ ಹಾಗೆ ಆಗ್ಬೇಕು."

ಪ್ರತಿ ಉಳಿಸಿಕೊಳ್ಳಲು ಪೆನ್‌ಡ್ರೈವ್ ಹಾಕಿದರೆ ಗೊತ್ತಾಗುತ್ತದೆ. ಮೇಲ್ ಕಳಿಸಿದರೆ ಸಾಹೇಬರ ಕಣ್ಣಿಗೆ ಬೀಳುತ್ತದೆ. ಎಲ್ಲರೂ ಊಟಕ್ಕೆ ಎದ್ದಾಗ ಕಂಪ್ಯೂಟರಮ್ಮ ಬಾಗಿಲು ಮುಂದೆ ಮಾಡಿ, ಪರದೆಯ ಮೇಲಿನ ಒಂದೊಂದೇ ಪುಟದ ಫೋಟೋ ತೆಗೆದಳು. ಆಮೇಲೆ ಹೇಳಿದಂತೆ ಎಲ್ಲವನ್ನೂ ಅಳಿಸಿದಳು.

ತನ್ನ ಫೋನನ್ನೂ ತಪಾಸಣೆ ಮಾಡಿದರೆ? ಮನೆಗೆ ಬಂದವಳೇ ಫೋಟೋಗಳನ್ನೆಲ್ಲ ಅತ್ತೆಯ ಫೋನಿಗೆ ಸಾಗಿಸಿ, "ಅತ್ತೇ, ಇವನ್ನ ಜೋಪಾನವಾಗಿ ಇಟ್ಕೊಳ್ಳಿ," ಎಂದಳು.

ಅತ್ತೆಗೆ ಜೋಪಾನವೆಂದರೆ ನಾಲ್ಕು ಜನಕ್ಕೆ ಕಳಿಸುವುದು. ಮರುದಿನ ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಒಂದು ಗುಲಾಬಿ ಹೂವನ್ನೂ ಸೇರಿಸಿ ತಂಗಿಯರ ವಾಟ್ಸಾಪ್ ಗುಂಪಿಗೆ, ವಾಕಿಂಗ್ ಗುಂಪಿಗೆ, ಮಂಡಿನೋವಿನವರ ಗುಂಪಿಗೆ ರವಾನಿಸಿದ್ದರು. ಕೆಳಗೆ ಒಕ್ಕಣೆ: "ಇದು ನಮ್ಮ ಸೊಸೆ ತನ್ನ ಕೈಯಾರೆ ತೆಗೆದ ಫೋಟೋ. ನಿಮ್ಮ ಬೀದಿ ನೋಡಿಕೊಳ್ಳಿ. ನೀರು ಕುದಿಸಿ ಕುಡಿಯಿರಿ. ಶುಭೋದಯ."

"ಅಯ್ಯೋ ಅತ್ತೇ, ಜೋಪಾನ ಅಂದ್ರೆ ಯಾರಿಗೂ ತೋರಿಸ್ಬಾರ್ದು ಅಂತ! ನನ್ನ ಕೆಲಸ ಹೋಯ್ತು!"

"ಯಾರಿಗೂ ತೋರಿಸ್ದೆ ಇಟ್ಕೊಳ್ಳೋಕೆ ಅದೇನು ನನ್ನ ಹಲ್ಲಿನ ಸೆಟ್ಟಾ? ಈಗ ನನ್ನ ಫೋನು ಬಾವಿಗೆ ಬಿದ್ರೂ ನಿನ್ನ ಫೋಟೋಗೆ ಏನೂ ಆಗಲ್ಲ ಕಣೇ."

ಕಚೇರಿಯಲ್ಲಿ ಸಾಹೇಬರು ಕೆಂಡಾಮಂಡಲವಾಗಿದ್ದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋನು ಎತ್ತಿ ಹಿಡಿದರು. "ಬೆಳಿಗ್ಗೆ ನಮ್ಮಮ್ಮನೇ ನನಗೆ ಕಳಿಸಿದಾಳೆ! ಸೊಸೆ ತೆಗೆದದ್ದು ಅಂತ ಇಲ್ಲೇ ಬರೆದಿದೆ. ಯಾರ ಮನೆ ಸೊಸೆ? ಈಗಲೇ ಗೊತ್ತಾಗ್ಬೇಕು!"

ಕಂಪ್ಯೂಟರಮ್ಮ ಮೆಲ್ಲಗೆ ಸಾಲಿನ ಹಿಂದಕ್ಕೆ ಸರಿದಳು. ಅಷ್ಟರಲ್ಲಿ ಹಿರಿಯ ಗುಮಾಸ್ತರು ಕನ್ನಡಕ ಏರಿಸಿಕೊಂಡು ಫೋನಿನತ್ತ ಬಾಗಿದರು. "ಸರ್, ಕಳಿಸಿರೋದು ನಿಮ್ಮ ತಾಯಿಯವರು. 'ನಮ್ಮ ಸೊಸೆ' ಅಂತಿದಾರೆ. ಅಂದ್ರೆ... ಮೇಡಮ್ಮೋರು?"

ಸಾಹೇಬರು ಫೋನನ್ನು ಕಣ್ಣಿನ ಹತ್ತಿರ ತಂದು ಒಕ್ಕಣೆಯನ್ನು ಮತ್ತೊಮ್ಮೆ ಓದಿದರು.

"ನಮ್ಮಮ್ಮನೂ ಇದನ್ನೇ ಕಳಿಸಿದಾರೆ ಸರ್," ಎಂದರು ಕ್ಯಾಷಿಯರ್, ತಮ್ಮ ಹೆಂಡತಿಯ ಬಗ್ಗೆ ಮೊದಲ ಬಾರಿಗೆ ಅನುಮಾನಪಡುತ್ತ. ಊರಿನ ಅತ್ತೆಯರೆಲ್ಲ ಒಂದಕ್ಷರವನ್ನೂ ಬದಲಿಸದೆ ಮುಂದೆ ತಳ್ಳಿದ್ದರಿಂದ ಊರಿನ ಸೊಸೆಯರೆಲ್ಲ ಅಪರಾಧಿಗಳಾಗಿದ್ದರು.

ಸಾಹೇಬರು ಅಲ್ಲಿಂದಲೇ ತಾಯಿಗೆ ಫೋನು ಮಾಡಿದರು. "ಅದನ್ನ ಅಳಿಸಮ್ಮಾ!"

"ಅಳಿಸೋದು ಹೇಗೋ?" ಎಂಬ ಧ್ವನಿ ಎಲ್ಲರಿಗೂ ಕೇಳಿಸಿತು. "ನನಗೆ ಕಳಿಸೋದು ಮಾತ್ರ ಬರೋದು. ನೀನು ಆ ಆಫೀಸಿನ ನೀರು ಮುಟ್ಬೇಡ ಕಣಪ್ಪಾ!"

ಮಧ್ಯಾಹ್ನದ ಹೊತ್ತಿಗೆ ಜನ ಬಾಟಲಿಗಳಲ್ಲಿ ಮನೆಯ ನೀರು ಹಿಡಿದು ಗೇಟಿನ ಮುಂದೆ ಜಮಾಯಿಸಿದರು. ಸಾಹೇಬರು ಮೆತ್ತಗಾದರು. "ವೆಬ್‌ಸೈಟಿಗೆ ಮತ್ತೆ ಹಾಕ್ಬೇಕು. ಎಲ್ಲಾದ್ರೂ ಒಂದು ಪ್ರತಿ ಉಳಿದಿದ್ಯೇನಮ್ಮಾ?"

"ವಿಚಾರಿಸ್ತೀನಿ ಸರ್," ಎಂದಳು ಕಂಪ್ಯೂಟರಮ್ಮ, ನಗು ನುಂಗಿಕೊಂಡು.

ಆ ವಾರವೆಲ್ಲ ಅವಳು ಮನೆಯಲ್ಲಿ ಕೂತು ಅಂಕಿಗಳನ್ನು ಮತ್ತೆ ಟೈಪು ಮಾಡಿದಳು. ಫೋನಿನ ಫೋಟೋ ನೋಡಿ ಓದಿ ಹೇಳುವ ಕೆಲಸ ಅತ್ತೆಯದು.

"ಗಡಿಯಾರದ ಬೀದಿ, ಕೆಟ್ಟದ್ದು. ಅಲ್ಲೇ ನನ್ನ ವಾರಗಿತ್ತಿ ಇರೋದು. ನೀರು ಈಗ ಕೆಟ್ಟಿರಬಹುದು, ಅವಳ ನಾಲಿಗೆ ಮೊದಲಿಂದ್ಲೂ ಹಾಗೇ."

"ಅತ್ತೇ, ಅಂಕಿ ಮಾತ್ರ ಓದಿ."