ಒಂದು ಗೇಣು

"ಇದು ನನ್ನ ಮಗ ಅಲ್ಲ" ಎಂದಳು ಮಗಳು.

ಬಾಗಿಲ ಚೌಕಟ್ಟಿಗೆ ಕೊನೆಯ ಮೊಳೆ ಹೊಡೆಯುತ್ತಿದ್ದ ಬಡಗಿ ಸುತ್ತಿಗೆ ಇಳಿಸಿದ. ಎರಡು ವರ್ಷದಿಂದ ಆ ಚೌಕಟ್ಟಿನ ಹತ್ತಿರ ಸುಳಿಯದವಳು ಇವತ್ತು ತಾನಾಗಿಯೇ ಬಂದು ನಿಂತಿದ್ದಳು.

ಗುಡ್ಡ ಜರಿದು ಊರು ಮಣ್ಣುಪಾಲಾದ ಮೇಲೆ ಉಳಿದವರಿಗೆಲ್ಲ ಈ ತಗಡಿನ ಶೆಡ್ಡುಗಳೇ ಗತಿ. ಅವುಗಳ ನಡುವೆ ಒಂದು ಶಿಶುವಿಹಾರ ಎದ್ದಿತ್ತು. ನಾಳೆ ಅದು ತೆರೆದರೆ ತಾಯಂದಿರು ಕೈಗೂಸುಗಳನ್ನು ಬಿಟ್ಟು ಕೆಲಸಕ್ಕೆ ಹೋಗಬಹುದು. ಮಗಳು ಅಲ್ಲಿ ಅಡುಗೆಗೆ ಒಪ್ಪಿಕೊಂಡಿದ್ದಳು. ಎಲ್ಲವೂ ಹೊಸದು, ಈ ಚೌಕಟ್ಟೊಂದನ್ನು ಬಿಟ್ಟು. ಹಳೆಯ ಶಿಶುವಿಹಾರದ್ದು ಅದು. ಮಣ್ಣು ಬಗೆದಾಗ ಸಿಕ್ಕಿತ್ತು. ಎಡಗಂಬದ ತುಂಬ ಮಕ್ಕಳ ಎತ್ತರದ ಗೆರೆಗಳು. ಓದು ಬಾರದ ಮಕ್ಕಳಾದ್ದರಿಂದ ಹೆಸರಿನ ಬದಲು ಒಬ್ಬೊಬ್ಬರಿಗೆ ಒಂದೊಂದು ಚಿತ್ರ: ಮೀನು, ಕೊಡೆ, ಏಣಿ. ಬಹುಪಾಲು ಮಕ್ಕಳು ಈಗ ಇರಲಿಲ್ಲ.

"ಬಣ್ಣ ಬಳೀರಿ ಮೇಸ್ತ್ರಿ, ನೋಡಿದ್ರೆ ಮಕ್ಕಳು ಹೆದರ್ತಾರೆ" ಎಂದಿದ್ದರು ಹೊಸ ಟೀಚರು.

"ಹೆದರೋದು ಮಕ್ಕಳಲ್ಲ ಟೀಚರಮ್ಮ, ನೀವು" ಎಂದು ಅವನು ಬಾಯಿ ಮುಚ್ಚಿಸಿದ್ದ.

ಈಗ ಮಗಳ ಬೆರಳು ಏಣಿಯ ಚಿತ್ರದ ಮೇಲಿತ್ತು; ಮಣ್ಣಿನಡಿ ಹೋದ ಅವಳ ಮಗನ ಗುರುತು ಅದು. ಗೆರೆ ಅವಳ ಸೊಂಟದಿಂದಲೂ ಕೆಳಗಿತ್ತು.

"ಅವನು ಇಷ್ಟು ಕುಳ್ಳ ಇರ್ಲಿಲ್ಲಪ್ಪ."

"ಎರಡು ವರ್ಷ ಆಯ್ತಲ್ಲ. ನಿಂಗೆ ಮರೆತಿದೆ, ಹೋಗು."

"ಮರೆಯೋಕೆ ಅವನು ಬಿಟ್ರೆ ತಾನೆ? ಸೌಟು ಆಡಿಸೋವಾಗ ಮೊಣಕೈ ಕೆಳಗೆ ತಲೆ ತೂರಿಸ್ತಾನೆ. ಇವತ್ತು ಬೆಳಿಗ್ಗೆನೂ ತೂರಿಸ್ದ. ಇಲ್ಲಿ, ಇಷ್ಟು ಎತ್ತರಕ್ಕೆ."

ಗದರಲು ಬಾಯಿ ತೆರೆದ ಬಡಗಿಯ ಕಣ್ಣು ಕಂಬದ ಬುಡಕ್ಕೆ ಹೋಯಿತು.

ಗಾರೆಯವರು ಬಾಗಿಲಿಗೆ ಬಿಟ್ಟ ಜಾಗ ಗಿಡ್ಡವಾಗಿತ್ತು. ಮೇಲೆ ಕುಯ್ದರೆ ಅಡ್ಡಪಟ್ಟಿಯ ಕೂಡು ಕೆಡುತ್ತದೆಂದು ನಿನ್ನೆ ಅವನೇ ಎರಡೂ ಕಂಬಗಳನ್ನು ಬುಡದಲ್ಲಿ ಒಂದೊಂದು ಗೇಣು ಕುಯ್ದಿದ್ದ. ಯಾವ ಬಡಗಿಯಾದರೂ ಹಾಗೆಯೇ ಮಾಡುತ್ತಿದ್ದ. ಆ ಮಕ್ಕಳೆಲ್ಲ ಇನ್ನೊಂದು ಗೇಣು ನೆಲದೊಳಕ್ಕೆ ಇಳಿದಿದ್ದರು.

"ಆ ತುಂಡುಗಳೆಲ್ಲಿ?"

"ಸೌದೆಗೆ ಅಂತ ನೀನೇ ಕೊಟ್ಟೆಯಲ್ಲ."

ಅವನು ಒಲೆಯತ್ತ ಓಡಿದ. ಒಂದು ಉರಿದುಹೋಗಿತ್ತು. ಇನ್ನೊಂದನ್ನು ತಂದು ಎಡಗಂಬಕ್ಕೆ ಹಿಡಿದು ನೋಡಿದ. ಗೆದ್ದಲು ತಿಂದ ಗೀರು ತುಂಡಿನಿಂದ ಕಂಬಕ್ಕೆ ಹಾಗೇ ಏರಿತು. ಚೌಕಟ್ಟು ಏರಿಸಲು ಜಾಗ ಮಾಡಲೆಂದು ಉಳಿ ತೆಗೆದುಕೊಂಡು ಬಾಗಿಲ ಮೇಲಿನ ಇಟ್ಟಿಗೆಗೆ ಹಾಕಿದ.

"ಮೇಸ್ತ್ರಿ, ನಾಳೆ ತೆರೀಬೇಕು. ಗೋಡೆ ಒಡೀತಿದ್ದೀರಲ್ಲ" ಎಂದು ಟೀಚರು ಬಂದರು.

"ತಪ್ಪು ನಂದು. ಇದು ಸರಿಹೋಗದೆ ಬಾಗಿಲು ತೆರೆಯಲ್ಲ. ಬೈಯೋದಿದ್ರೆ ಆಮೇಲೆ ಬೈಯಿ ತಾಯಿ, ಈಗ ಆ ಕಡೆ ಹಿಡ್ಕೋ."

ಟೀಚರು ಮಗಳ ಮುಖ ನೋಡಿದರು. ಸೆರಗು ಸಿಕ್ಕಿಸಿಕೊಂಡು ಹಿಡಿದರು.

ಸಂಜೆಗೆ ಎಡಗಂಬ ತನ್ನ ತುಂಡಿನ ಮೇಲೆ ನಿಂತಿತು. ಬಲಗಂಬದ ಬುಡಕ್ಕೆ ಹೊಸ ಮರ. ಬಡಗಿ ತಲೆ ಎತ್ತದೆ ಇಟ್ಟಿಗೆ ಪುಡಿ ಗುಡಿಸತೊಡಗಿದ. ಮಗಳು ಬಂದು ಎಡಗಂಬಕ್ಕೆ ಒತ್ತಿ ನಿಂತಳು. ಗೆರೆ ನೋಡಲಿಲ್ಲ. ಹೊರಗೆ ಶೆಡ್ಡುಗಳ ಕಡೆ ನೋಡುತ್ತ, ಯಾರಿಗೋ ಜಾಗ ಬಿಡುವವಳಂತೆ, ಮೊಣಕೈಯನ್ನು ಮೈಯಿಂದ ಒಂಚೂರು ಎತ್ತಿ ಹಿಡಿದಳು.