ಮೂರಡಿಯ ಸಾಯಬಣ್ಣ

“ನಿನ್ನಜ್ಜ ಸಾಯುವಾಗ ಮೊಲೆಹಾಲು ಬಿಟ್ಟಿದ್ದನೋ ಇಲ್ಲವೋ?”

ಪಾಲಿಕೆಯ ಜಯಂತ್ ಸಾಹೇಬರು ನನ್ನನ್ನು ಮರಾಠಿಯಲ್ಲಿ ಕೇಳಿದರು. ನಾಶಿಕದ ಈ ಸ್ಮಶಾನವನ್ನು ಯಾತ್ರಿಕರ ಪಾರ್ಕಿಂಗ್ ಮಾಡುವ ಪುಣ್ಯದ ಕೆಲಸ ಅವರ ಪಾಲಿಗೆ ಬಂದಿತ್ತು. ಕೈಯಲ್ಲಿ ಟೇಪು, ಬಾಯಲ್ಲಿ ಗುಟಕಾ. ಪಕ್ಕದಲ್ಲಿ ನಿಂತಿದ್ದ ಮೋಹನದಾಸರು ನಕ್ಕರು. ಅವರು ಇಲ್ಲಿನ ಕನ್ನಡ ಸಂಘದ ಅಧ್ಯಕ್ಷರು. ಗೋಡೆಯಾಚೆಯ ಶುದ್ಧ ಸಸ್ಯಾಹಾರಿ ಹೋಟೆಲು ಅವರದೇ. ಆ ಹೋಟೆಲಿಗೆ ಗಾಡಿ ನಿಲ್ಲಿಸಲು ಜಾಗವಿಲ್ಲದ್ದಕ್ಕೂ ಈ ಪಾರ್ಕಿಂಗಿಗೂ ಸಂಬಂಧ ಹಚ್ಚುವವರು ಹೊಟ್ಟೆಕಿಚ್ಚಿನವರು.

ಸಾಹೇಬರ ನಿಯಮ ಸರಳ. ದೊಡ್ಡವರ ಗೋರಿಗೆ ಮರಣ ದಾಖಲೆಯಿದ್ದರೆ ಬೇಲಿ ಹಾಕಿ ಉಳಿಸುವುದು. ನಾಲ್ಕಡಿಗಿಂತ ಗಿಡ್ಡದ್ದೆಲ್ಲ ಕೂಸಿನದು, ಅದನ್ನು ಜೆಸಿಬಿ ಸಮ ಮಾಡುವುದು. ನಮ್ಮಜ್ಜ ಸಾಯಬಣ್ಣನದು ಮೂರಡಿ.

ದಾಖಲೆ ನನ್ನ ಸೆರಗಿನಲ್ಲಿತ್ತು. ಅಜ್ಜ ಸಾರವೆಯಿಂದ ಬಿದ್ದು ಸತ್ತದ್ದು ಸಂಭಾಜಿನಗರದಲ್ಲಿ, ಅದಿನ್ನೂ ಔರಂಗಾಬಾದ್ ಆಗಿದ್ದಾಗ. ಕಾಂಟ್ರಾಕ್ಟರ್ ಧರ್ಮಾತ್ಮ. ತನ್ನ ಸೈಟಿನಲ್ಲಿ ಸಾವು ಬೇಡವೆಂದು, ಬಿಸಿಯಾರದ ಹೆಣವನ್ನು ಸಿಮೆಂಟ್ ಲಾರಿಯಲ್ಲಿ ಹಾಕಿ ನಾಶಿಕದ ನಮ್ಮ ಜೋಪಡಿಗೆ ಕಳಿಸಿದ್ದ. ಈಗ ದಾಖಲೆ ಕೇಳಿದರೆ, ಹೆಣ ಇಲ್ಲಿಲ್ಲ ಎಂದು ಆ ಊರಿನವರು, ಸತ್ತದ್ದು ಇಲ್ಲಲ್ಲ ಎಂದು ಈ ಊರಿನವರು. ಓಡಾಡಿ ಓಡಾಡಿ ಮನ್ಮಾಡ್ ಜಂಕ್ಷನ್ನಿನ ಚಹಾದವನಿಗೆ ನನ್ನ ಗುರುತು ಹತ್ತಿತ್ತು. ಕೊನೆಗೆ ಕೋರ್ಟಿಗೆ ಹೋದ ಮೇಲೆ, ಅಜ್ಜ ಸತ್ತಿದ್ದಾನೆಂದು ಸರ್ಕಾರ ಒಪ್ಪಿತು.

“ನಮ್ಮ ಮಂದ್ಯಾಗ ಸತ್ತವ್ರನ್ನ ಮಲಗಸಂಗಿಲ್ರಿ,” ಅಜ್ಜಿ ದಾನಮ್ಮ ಹೇಳಿದಳು. “ಅಂಗೈಯಾಗ ಲಿಂಗ ಇಟ್ಟು, ಕಾಲ ಮಡಿಸಿ ಕುಂದ್ರಸ್ತೀವ್ರಿ. ಕುಂತಾಂವಗ ಉದ್ದನ್ನ ಕುಣಿ ಯಾಕ ಬೇಕ್ರಿ?”

ಮೋಹನದಾಸರು ಅದನ್ನು ಮರಾಠಿಗೆ ತಂದರು.

“ಸತ್ತ ಮೇಲೆ ಎದ್ದು ಕೂರುತ್ತಾರಂತೆ,” ಎಂದರು ಸಾಹೇಬರು. “ಬದುಕಿದ್ದಾಗ ಹೀಗೆ ಎದ್ದಿದ್ದರೆ ನಾಲ್ಕು ಕೆಲಸವಾದರೂ ಆಗುತ್ತಿತ್ತು.”

ನನ್ನ ಮೈ ಉರಿಯಿತು. ಆದರೆ ಈ ಪಾರ್ಕಿಂಗಿನ ಕೂಲಿಯವಳೂ ನಾನೇ. “ಬಗದು ನೋಡ್ರಿ ಹಂಗಾರ. ದೊಡ್ಡ ಎಲುಬು ಸಿಗತಾವ,” ಎಂದು ನಾನೇ ಮರಾಠಿಯಲ್ಲಿ ಅಂದೆ.

“ಗೋರಿ ಬಗೆಯಲು ಪರವಾನಗಿ ಬೇಕು,” ಎಂದರು ಸಾಹೇಬರು. “ಸಮ ಮಾಡಲು ಬೇಡ.”

ಮೋಹನದಾಸರಿಗೆ ಕರುಣೆ ಉಕ್ಕಿತು. “ಎಂತ ಮಾಡೂದು ಅಜ್ಜಿ, ಕಾಯಿದೆ ಅಲ್ವಾ? ರಾಜ್ಯೋತ್ಸವಕ್ಕೆ ಬನ್ನಿ, ಸಂಘದಿಂದ ಒಂದು ಶಾಲು ಹೊದಿಸುವ.”

“ನಿನ್ ಶಾಲು ನಿನ್ ಹೆಣಕ್ಕ ಹೊಚ್ಚಿಕೋ, ಹಾಟ್ಯಾ,” ಎಂದಳು ಅಜ್ಜಿ. ಇದನ್ನು ಅವರು ಮರಾಠಿಗೆ ತರಲಿಲ್ಲ.

ಸಾಹೇಬರು ಕೈ ಬೀಸಿದರು. ಜೆಸಿಬಿ ಗುರುಗುಟ್ಟುತ್ತ ಅಜ್ಜನ ಕಡೆ ಹೊರಟಿತು. ಅಜ್ಜಿ ಅದಕ್ಕಿಂತ ಮುಂಚೆ ಹೊರಟಳು. ಅಜ್ಜನ ಮಗ್ಗುಲಲ್ಲಿ ದೀಪದ ಕಂಬಕ್ಕೆಂದು ನಾವು ತೋಡಿದ್ದ ಮೂರಡಿ ಚೌಕದ ಗುಂಡಿಯಿತ್ತು. ಅದರೊಳಗೆ ಇಳಿದು, ಕಾಲು ಮಡಿಸಿ ಕೂತಳು. ಕೊರಳಿನ ಲಿಂಗ ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡಳು. ಗುಂಡಿಯ ಅಂಚು ಅವಳ ಕುತ್ತಿಗೆಯವರೆಗೆ ಬಂತು.

“ಅಳೀರಿ ಸಾಹೇಬ್ರ. ಎಷ್ಟ ಅಡಿ ಆತು?”

ಇದಕ್ಕೆ ಮರಾಠಿ ಬೇಕಾಗಲಿಲ್ಲ. “ಮುದುಕಿಗೆ ಹುಚ್ಚು ಹಿಡಿದಿದೆ, ಎಬ್ಬಿಸೇ,” ಎಂದು ಸಾಹೇಬರು ನನ್ನ ಮೇಲೆ ರೇಗಿದರು. ದಿಂಡೋರಿ ಕಡೆಯ ಜೆಸಿಬಿ ಡ್ರೈವರ್ ಎಂಜಿನ್ ಆರಿಸಿ ಕೆಳಗಿಳಿದ. ಮೋಹನದಾಸರಿಗೆ ಹೋಟೆಲಿನಲ್ಲಿ ಏನೋ ಅರ್ಜೆಂಟ್ ಕೆಲಸ ನೆನಪಾಯಿತು.

“ಮಂಗಲಾ, ಮಣ್ಣ ಎಳಿ,” ಎಂದಳು ಅಜ್ಜಿ ನನಗೆ.

“ಆಯಿ, ಬ್ಯಾಡ. ಮ್ಯಾಲ ಬಾ.”

“ಎಳಿ ಅಂದ್ನಿ. ನಾ ಸತ್ತ ಮ್ಯಾಲ ನಂದೂ ಕೂಸಿನ ಕುಣಿ ಅಂತಾರ ಈ ಮಕ್ಳು. ಜೀವ ಇದ್ದಾಗನ ಕಣ್ಣಿಲೆ ನೋಡ್ಲಿ.”

ಬೆಳಗಿನಿಂದ ಪಾಲಿಕೆಗಾಗಿ ಮಣ್ಣೆತ್ತಿದ್ದ ಸಲಿಕೆ ಕೈಯಲ್ಲೇ ಇತ್ತು. ನನಗೆ ಅಳು ಬಂತು, ಆದರೂ ಎತ್ತಿದೆ. ಮೊದಲನೆಯ ಸಲಿಕೆ ಅಜ್ಜಿಯ ಮಡಿಲಿಗೆ ಬಿತ್ತು. ಎರಡನೆಯದಕ್ಕೆ ಮೊಣಕಾಲು ಮುಚ್ಚಿತು. ಸಾಹೇಬರು ಗುಂಡಿಯ ಅಂಚಿಗೆ ಓಡಿ ಬಂದು ಬಗ್ಗಿದರು. ಅವರ ಟೇಪಿನ ತುದಿ ಜೋತು ಗುಂಡಿಯ ತಳಕ್ಕೆ ಬಿತ್ತು. ಅಜ್ಜಿ ಟೇಪನ್ನು ಬಲಗೈಯಲ್ಲಿ ಹಿಡಿದು, ತನ್ನ ನೆತ್ತಿಯ ಮಟ್ಟಕ್ಕೆ ಒತ್ತಿಕೊಂಡಳು.

“ಓದ್ರಿ,” ಎಂದಳು.