ಸಾಹೇಬರ ಗಂಟೆ

ಜಿನದತ್ತ ಮಾಸ್ತರರಿಗೆ ಆ ಶಾಲೆಯೆಂದರೆ ಜೀವ. ಸುಳ್ಳು ಯಾಕೆ ಹೇಳಬೇಕು, ಅದು ತೋರಿಕೆಯ ಪ್ರೀತಿ ಆಗಿರಲಿಲ್ಲ. ಮಸಗುಪ್ಪಿಯಿಂದ ಮೂರು ಮೈಲಿ ಆಚೆ, ಕಬ್ಬಿನ ನಡುವೆ, ಹಳ್ಳದ ದಂಡೆಗೆ ಇದ್ದ ಎರಡು ಕೋಣೆಯ ತೋಟದ ಶಾಲೆ ಅದು. ಅರವತ್ಮೂರು ಮಕ್ಕಳು. ಹೆಡ್‌ಮಾಸ್ತರರಾಗಿ ಇವರು, ಜೊತೆಗೆ ಮೂಡಲಗಿಯಿಂದ ಬಸ್ಸಿಗೆ ಬರುವ ದೀಪಾಲಿ ಟೀಚರ್, ಬಿಸಿಯೂಟ ಬೇಯಿಸಲು ಪದ್ಮವ್ವ. ಮಕ್ಕಳಲ್ಲಿ ಕೆಲವರು ಈಚೆಯ ತೋಟಪಟ್ಟಿಯವರು, ಹೆಚ್ಚಿನವರು ಹಳ್ಳದಾಚೆಯ ಓಣಿಯವರು. ಓಣಿಯಿಂದ ಬರಲು ಹಳ್ಳದಲ್ಲಿ ಒಂದು ಕಲ್ಲುಹಾಸಿನ ದಾರಿ ಇತ್ತು, ಎತ್ತರ ಎಂದರೆ ಮೊಣಕಾಲಷ್ಟು. ಪದ್ಮವ್ವನ ಮನೆಯೂ ಆ ಓಣಿಯಲ್ಲೇ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಗೋಕಾಕದಲ್ಲಿ ಒಂದು ತರಬೇತಿ ನಡೆಯಿತು. ಮೂರು ವರ್ಷ ಮಳೆ ಕಾಣದೆ ಎಲ್ಲರೂ ಬೇಸತ್ತಿದ್ದ ಹೊತ್ತು. ಧಾರವಾಡದಿಂದ ಬಂದಿದ್ದ ಶಿಕ್ಷಕಿ ಬಾಯಿಯೊಬ್ಬರು ಹವಾಮಾನ ಬದಲಾಗುತ್ತಿದೆ ಎಂದು ಹೇಳಿದರು. ಹಿಂದಿನ ಬೆಂಚಿನವರು ತೂಕಡಿಸಿದರು. ಜಿನದತ್ತ ಮಾಸ್ತರರು ಮಾತ್ರ ಒಂದಕ್ಷರ ಬಿಡದೆ ಬರೆದುಕೊಂಡರು.

"ಇನ್ನ ಮುಂದ ಮಳಿ ಬಂದ್ರ ಒಮ್ಮೆಲೆ ಬರ್ತೈತ್ರಿ, ಇಲ್ಲಂದ್ರ ಬರೂದ ಇಲ್ಲ. ಬರೇ ಪಾಠ ಮಾಡಿದ್ರ ಸಾಲಂಗಿಲ್ಲ. ಮಾಸ್ತರು, ಹುಡುಗ್ರು, ಅಡಗಿಯಾಕಿ, ಹುಡುಗ್ರ ತಾಯಿ-ತಂದಿ, ಎಲ್ಲಾರೂ ಕೂಡಬೇಕು. ಇಡೀ ಸಾಲೀನ ಬದಲಾಗಬೇಕು," ಎಂದಿದ್ದರು ಆ ಬಾಯಿ.

ಇಡೀ ಶಾಲೆ ಎಂಬ ಆ ಮಾತನ್ನು ಮಾಸ್ತರರು ಮನಸ್ಸಿಗೆ ಹಚ್ಚಿಕೊಂಡು ಕಂಡವರಿಗೆಲ್ಲ ಹೇಳಿದರು. ಒಲೆಗೆ ಕಡಿಮೆ ಕಟ್ಟಿಗೆ ಹಿಡಿಯುವಂತೆ ಪದ್ಮವ್ವನ ಜೊತೆ ತಾವೇ ಮಣ್ಣು ಕಲಸಿದರು. ತಾವು ಚಿಕ್ಕವರಿದ್ದಾಗ ಮನೆಯಲ್ಲಿ ತಮ್ಮ ಅವ್ವ ಜಿನ್ನವ್ವ ನೀರು ಸೋಸಿದ ಬಟ್ಟೆಯನ್ನು ಒಯ್ದು, ಅದರಲ್ಲಿ ಸಿಕ್ಕ ಜೀವಗಳು ಸಾಯಬಾರದೆಂದು ಮತ್ತೆ ಅದೇ ಬಾವಿಯ ನೀರಲ್ಲಿ ಜಾಲಾಡಿಸುತ್ತಿದ್ದಳು. ಅದನ್ನು ಮಕ್ಕಳಿಗೆ ಹೇಳಿ, ಕಣ್ಣಿಗೆ ಕಾಣದ ಜೀವಕ್ಕೂ ನಾವು ಜವಾಬ್ದಾರರು ಎಂದು ಕಲಿಸಿದರು. ಮಳೆ ಅಳೆಯಲು ಕತ್ತರಿಸಿದ ಬಾಟಲಿಯೊಂದನ್ನು ಅಂಗಳದಲ್ಲಿ ನೆಟ್ಟರು. ಅದರ ಉಸ್ತುವಾರಿ ಪದ್ಮವ್ವನ ಮೊಮ್ಮಗಳು ಆಮ್ರಪಾಲಿಯದು. ನಾಲ್ಕನೇ ಇಯತ್ತೆಯ ಆ ಹುಡುಗಿಗೆ ನಗುವೆಂದರೆ ಗೊತ್ತಿಲ್ಲ, ಕೆಲಸವೆಂದರೆ ಕೆಲಸ.

"ಮಾಸ್ತರ್ರ, ಬಾಟಲಿ ಬಾಜೂಕ ಸೈಕಲ್ ನಿಲ್ಸಬ್ಯಾಡ್ರಿ. ಮಳಿ ನಿಮ್ಮ ಸೀಟಿನ ಮ್ಯಾಲ ಬಿದ್ರ ನಾ ಏನ ಬರೀಲಿ?" ಎಂದು ಒಂದು ದಿನ ಎಲ್ಲರೆದುರು ಗದರಿದಳು. ಮಾಸ್ತರರು ಸುಮ್ಮನೆ ಸೈಕಲ್ ಸರಿಸಿದರು. ಮನೆಗೆ ಹೋಗಿ ಹೆಂಡತಿಗೆ ಇದನ್ನು ಹೇಳಿ ಹೇಳಿ ನಕ್ಕರು.

ಪ್ರವಾಹದ ಯೋಜನೆಯನ್ನೂ ಮಾಡಿದರು. ಮಳೆಯೇ ಇಲ್ಲದಾಗ ಪ್ರವಾಹವೇ ಎಂದು ಶಾಲಾ ಸಮಿತಿಯ ಅಧ್ಯಕ್ಷ ಆಬಾಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಪದ್ಮವ್ವ ನಗಲಿಲ್ಲ. ತನ್ನ ಲಗ್ನವಾದ ವರ್ಷ ಹಳ್ಳದ ನೀರು ಅಂಗಳದ ಬೇವಿನಮರದ ಟೊಂಗೆ ಮುಟ್ಟಿತ್ತೆಂದು ಕೈ ಎತ್ತಿ ತೋರಿಸಿದಳು. ಆ ಟೊಂಗೆಗೆ ರೈಲುಹಳಿಯ ತುಂಡೊಂದು ತೂಗುತ್ತಿತ್ತು, ಅದೇ ಶಾಲೆಯ ಗಂಟೆ. ನೀರು ಏರಿದರೆ ದೀಪಾಲಿ ಟೀಚರ್ ಬಿಡುವಿಲ್ಲದೆ ಗಂಟೆ ಹೊಡೆಯಬೇಕು. ಮಕ್ಕಳು ಸಾಲು ಹಿಡಿದು ಆಬಾಸಾಹೇಬರ ಬೆಲ್ಲದ ಗಾಣವಿದ್ದ ದಿಬ್ಬ ಹತ್ತಬೇಕು. ಕೊನೆಯ ಮಗು ದಿಬ್ಬ ಮುಟ್ಟುವ ತನಕ ಗಂಟೆ ನಿಲ್ಲಬಾರದು. ಓಣಿಯಲ್ಲಿ ಸಭೆ ಕರೆದು, ಗಂಟೆ ಕೇಳಿದರೆ ಆಚೆಯ ಯಾರೂ ಹಳ್ಳಕ್ಕೆ ಇಳಿಯಬಾರದೆಂದು ತಿಳಿಸುವುದು ಎಂಬುದು ಯೋಜನೆಯ ಕಡೆಯ ಸಾಲು.

ಆ ಸಭೆ ಇವತ್ತಾಗುತ್ತದೆ, ನಾಳೆಯಾಗುತ್ತದೆ ಎನ್ನುವಷ್ಟರಲ್ಲಿ ಶಾಲೆಗೆ ಹೆಸರು ಬಂತು. ಹೆಸರು ಬಂದದ್ದೇ ಕೇಡಾಯಿತು.

ಮೊದಲು ತಾಲೂಕಿನ ಸಾಹೇಬರು ಬಂದರು. ಅವರು ಹೇಳಿದ್ದಕ್ಕೆ ಜಿಲ್ಲೆಯವರು ಬಂದರು. ಹುಕ್ಕೇರಿ ಕಡೆಯ ಮಾಸ್ತರರು ಟೆಂಪೋ ಮಾಡಿಕೊಂಡು ನೋಡಲು ಬಂದರು. ಬಂದವರೆಲ್ಲ ಒಲೆ ನೋಡಿ, ಬಾಟಲಿ ನೋಡಿ, ಕಡೆಗೆ ಗಂಟೆ ಹೊಡೆಸಿ ಮಕ್ಕಳು ದಿಬ್ಬ ಹತ್ತುವುದನ್ನು ಗಡಿಯಾರ ಹಿಡಿದು ನೋಡಿ ಹೋಗುವರು. ಮೊದಮೊದಲು ಹದಿನೈದು ನಿಮಿಷ ಹಿಡಿಯುತ್ತಿದ್ದದ್ದು ಏಳಕ್ಕೆ ಇಳಿಯಿತು. ಹಳ್ಳ ದಾಟಿ ಓಣಿಗೆ ಹೋದ ಸಾಹೇಬರು ಒಬ್ಬರೂ ಇಲ್ಲ. ಬೂಟು ಕೆಸರಾಗುತ್ತಿತ್ತಲ್ಲ!

ಸಾಹೇಬರು ಬಂದ ದಿನ ಹಾಜರಿ ತುಂಬಿರಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲ ಮಾಸ್ತರರಿಗೂ ಗೊತ್ತು. ಬೆಳಿಗ್ಗೆ ಬಾರದ ಮಗುವಿನ ಹೆಸರಿನ ಮುಂದೆ ಗೈರು ಎಂದು ಬರೆಯದೆ ಒಂದು ಚುಕ್ಕೆ ಇಡುವುದು, ಯಾರಾದರೂ ಬಂದರೆ ಮಕ್ಕಳನ್ನು ಹೊಲದಿಂದ, ಮನೆಯಿಂದ ಕರೆಸಿ ಆ ಚುಕ್ಕೆಯನ್ನು ಹಾಜರು ಮಾಡುವುದು ಅಲ್ಲಿನ ರೂಢಿ. ಈಗ ಕರೆಸುವ ಗೋಜೂ ಉಳಿಯಲಿಲ್ಲ. ಗಂಟೆಯ ಸದ್ದು ಬಿಡುವಿಲ್ಲದೆ ಕೇಳಿತೆಂದರೆ ಸಾಹೇಬರು ಬಂದರೆಂದು ಓಣಿಯ ತಾಯಂದಿರೇ ತಿಳಿದು, ಮಕ್ಕಳಿಗೆ ಮುಖ ತೊಳೆಸಿ, ನೀಲಿ ಯೂನಿಫಾರ್ಮ್ ಹಾಕಿ ಓಡಿಸತೊಡಗಿದರು.

"ಮಾಸ್ತರ್ರ, ನಮ್ಮ ಓಣ್ಯಾಗ ಇದಕ್ಕ ಸಾಹೇಬ್ರ ಗಂಟಿ ಅಂತಾರ್ರಿ," ಎಂದು ಪದ್ಮವ್ವ ಅಕ್ಕಿ ಆರಿಸುತ್ತಾ ಒಮ್ಮೆ ಹೇಳಿದಳು. "ಖರೇನ ನೀರ ಬಂದಾಗ ಏನ ಮಾಡೂದ್ರಿ?"

"ಸಭಾ ಮಾಡೂಣು ಪದ್ಮವ್ವ. ಮುಂದಿನ ವಾರ ಮಾಡೇಬಿಡೂಣು," ಎಂದರು ಮಾಸ್ತರರು. ಅವತ್ತು ಅರವತ್ಮೂರಕ್ಕೆ ಅರವತ್ಮೂರೂ ಹಾಜರಿ ಇತ್ತು. ಅವರು ಖುಷಿಯಲ್ಲಿದ್ದರು.

ಮುಂದಿನ ವಾರ ಬರಲೇ ಇಲ್ಲ. ಬಂದದ್ದು ಎರಡು ಸಾವಿರದ ಐದರ ಮಳೆಗಾಲ.

ಮೂರು ದಿನ ಮೂರು ರಾತ್ರಿ ಬಿಟ್ಟೂಬಿಡದೆ ಸುರಿಯಿತು. ನಾಲ್ಕನೆಯ ದಿನ ಇಪ್ಪತ್ತೆರಡು ಮಕ್ಕಳು ಮಾತ್ರ ಬಂದರು, ಎಲ್ಲರೂ ಈಚೆಯವರು. ಪದ್ಮವ್ವ ನಸುಕಿನಲ್ಲೇ, ನೀರು ಕಲ್ಲುಹಾಸು ಮುಟ್ಟುವ ಮೊದಲೇ ದಾಟಿ ಬಂದಿದ್ದಳು. ಮಾಸ್ತರರು ಹಾಜರಿ ತೆಗೆದು, ಬಾರದ ನಲವತ್ತೊಂದು ಹೆಸರಿಗೂ ಚುಕ್ಕೆ ಇಟ್ಟರು. ಹತ್ತೂವರೆಗೆ ಹಳ್ಳ ಕೆಂಪಾಗಿ ತಿರುಗಿತು. ನೋಡನೋಡುತ್ತ ಅಂಗಳದ ಅಂಚಿಗೆ ಬಂದು ಮಳೆ ಅಳೆಯುವ ಬಾಟಲಿಯನ್ನು ಕಿತ್ತುಕೊಂಡು ಹೋಯಿತು.

"ದೀಪಾಲಿ, ಗಂಟಿ ಹೊಡೀರಿ!"

ಮಕ್ಕಳು ಅಳಲಿಲ್ಲ, ನೂಕಾಡಲಿಲ್ಲ. ಸಾಲು ಹಿಡಿದು, ಚಿಕ್ಕವರ ಕೈ ಹಿಡಿದು ದಿಬ್ಬ ಹತ್ತಿದರು. ಮಾಸ್ತರರು ಅವರ ಹಿಂದೆ ಹತ್ತಿದರು. ಗಾಣದ ಛಪ್ಪರದಲ್ಲಿ ನಿಂತು ತಲೆ ಎಣಿಸಿದರು, ಇಪ್ಪತ್ತೆರಡು. ಗಡಿಯಾರ ನೋಡಿದರು, ಏಳು ನಿಮಿಷ. ಆ ಹೊತ್ತಿನಲ್ಲೂ ಅವರಿಗೆ ಹೆಮ್ಮೆ ಅನಿಸಿತು. ಆ ಹೆಮ್ಮೆಗೆ ತಮ್ಮನ್ನು ತಾವು ಅವರು ಸಾಯುವ ತನಕ ಕ್ಷಮಿಸಲಿಲ್ಲ.

ಕೆಳಗೆ ಗಂಟೆ ಇನ್ನೂ ಹೊಡೆಯುತ್ತಲೇ ಇತ್ತು. ಮಳೆಯ ಪರದೆಯಲ್ಲಿ ದಿಬ್ಬ ಕಾಣದೆ, ಕೊನೆಯ ಮಗು ಮುಟ್ಟಿತೋ ಇಲ್ಲವೋ ತಿಳಿಯದೆ, ದೀಪಾಲಿ ಹೇಳಿಕೊಟ್ಟಂತೆ ಹೊಡೆಯುತ್ತಿದ್ದಳು. ಮಳೆ ಒಂದು ಗಳಿಗೆ ತೆಳುವಾದಾಗ ಮಾಸ್ತರರು ಸುಮ್ಮನೆ ಹಳ್ಳದಾಚೆ ನೋಡಿದರು. ಓಣಿಯ ಇಳಿಜಾರಿನಲ್ಲಿ ಏನೋ ನೀಲಿ ಕಂಡಿತು.

ಯೂನಿಫಾರ್ಮ್ ಹಾಕಿದ ಮಕ್ಕಳು. ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು, ತಡವಾಯಿತೆಂದು ಓಡುತ್ತ ಹಳ್ಳಕ್ಕೆ ಇಳಿಯುತ್ತಿದ್ದರು. ಬಾಗಿಲಲ್ಲಿ ನಿಂತ ತಾಯಂದಿರು ಹೋಗು ಹೋಗು ಎಂದು ಕೈ ಬೀಸುತ್ತಿದ್ದರು. ಓಣಿಯ ಬಾಗಿಲಿಂದ ಹಳ್ಳ ಕಾಣುತ್ತಿರಲಿಲ್ಲ, ಗಂಟೆ ಮಾತ್ರ ಕೇಳುತ್ತಿತ್ತು.

"ಗಂಟಿ ನಿಲ್ಲಸ್ರೀ! ದೀಪಾಲಿ, ಗಂಟಿ ನಿಲ್ಲಸ್ರೀ!" ಮಾಸ್ತರರು ಕೂಗುತ್ತ ದಿಬ್ಬ ಇಳಿದರು, ಜಾರಿ ಬಿದ್ದರು, ಎದ್ದು ಮತ್ತೆ ಓಡಿದರು. ಮಳೆಯಲ್ಲಿ ಅವರ ದನಿ ಅವರಿಗೇ ಕೇಳಲಿಲ್ಲ.

ಅವರಿಗಿಂತ ಮೊದಲು, ಕೆಳಗೆ ಶಾಲೆಯಲ್ಲೇ ಉಳಿದಿದ್ದ ಪದ್ಮವ್ವ ನೀರಿಗೆ ಇಳಿದಿದ್ದಳು. ಹಿಂದೆ ಬರುತ್ತಿದ್ದ ಮಕ್ಕಳು ಆಚೆಯ ಅಂಚಿನಲ್ಲೇ ನಿಂತಿದ್ದರು. ಮೂವರು ಆಗಲೇ ನೀರಡಿ ಮುಳುಗಿದ ಕಲ್ಲುಹಾಸಿನ ನಡುವಿಗೆ ಬಂದುಬಿಟ್ಟಿದ್ದರು. ಮುಂದೆ ಒಂದನೇ ಇಯತ್ತೆಯ ಇಬ್ಬರು ಚಿಕ್ಕವರು, ಅವರ ಹಿಂದೆ ಇಬ್ಬರ ಅಂಗಿಯನ್ನೂ ಗಟ್ಟಿಯಾಗಿ ಹಿಡಿದ ಆಮ್ರಪಾಲಿ. ಪದ್ಮವ್ವ ಚಿಕ್ಕವರ ಕೈಗೆ ಕೈ ಹಾಕಿ ಒಬ್ಬೊಬ್ಬರನ್ನೇ ಎಳೆದು ದಂಡೆಗೆ ಎಸೆದಳು. ಮೂರನೆಯ ಕೈಗೆ ತಿರುಗಿದಾಗ ಅಲ್ಲಿ ನೀರು ಮಾತ್ರ ಇತ್ತು.

ಆಗ ಗಂಟೆ ನಿಂತಿತು.

ಮರುದಿನ ಮಧ್ಯಾಹ್ನ, ಅರ್ಧ ಮೈಲಿ ಕೆಳಗೆ, ಮಲಗಿದ ಕಬ್ಬಿನಲ್ಲಿ ಹುಡುಗಿ ಸಿಕ್ಕಳು. ಎರಡೂ ಜಡೆಗೆ ಕೆಂಪು ರಿಬ್ಬನ್ ಕಟ್ಟಿತ್ತು. ಮೂರು ದಿನ ಮನೆಯ ಮುಂದೆಯೇ ಇನ್ನೊಂದು ಬಾಟಲಿ ಇಟ್ಟು ಮಳೆ ಅಳೆದು ಬರೆದ ವಹಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೊಟ್ಟೆಗೆ ಸಿಕ್ಕಿಸಿಕೊಂಡಿದ್ದಳು. ಸಾಹೇಬರಿಗೆ ತೋರಿಸಬೇಕಿತ್ತಲ್ಲ.

ನೀರು ಇಳಿದ ಮೇಲೆ ಸಾಹೇಬರು ಖರೆಯಾಗಿಯೂ ಬಂದರು. ಜೀಪು ದಿಬ್ಬದ ಹತ್ತಿರವೇ ನಿಂತಿತು. ಕೆಸರಿನ ವಾಸನೆಯ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಹಾಜರಿ ಪುಸ್ತಕ ಕೇಳಿದರು. ಆಬಾಸಾಹೇಬರು ಬಾಜೂಕ್ಕೆ ಕುಳಿತರು. ಪದ್ಮವ್ವ ಬಾಗಿಲ ಹೊರಗೆ ನೆಲಕ್ಕೆ ಕುಳಿತಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ.

"ಇಪ್ಪತ್ತೆರಡಕ್ಕ ಇಪ್ಪತ್ತೆರಡು ಹುಡುಗ್ರನ್ನ ಉಳಿಸೀರಿ," ಎಂದರು ಸಾಹೇಬರು, ದನಿ ತಗ್ಗಿಸಿ. "ಆ ಹುಡುಗಿ ಅವತ್ತ ಸಾಲಿಗೆ ಬಂದಿರಲಿಲ್ಲ. ಇಲ್ಲಿ ಚುಕ್ಕಿ ಐತಿ ನೋಡ್ರಿ. ಅದನ್ನ ಗೈರು ಅಂತ ಮಾಡ್ರಿ. ಸಾಲಿ ಮ್ಯಾಲ ಏನೂ ಬರೂದಿಲ್ಲ, ನಿಮ್ಮ ನೌಕರಿಗೂ ಧಕ್ಕಿ ಇಲ್ಲ."

"ಸಾಹೇಬ್ರು ಹೇಳಿದಂಗ ಕೇಳ್ರಿ ಮಾಸ್ತರ್ರ. ಯಾರದೂ ತಪ್ಪಿಲ್ಲ ಇದ್ರಾಗ," ಎಂದರು ಆಬಾಸಾಹೇಬರು.

ಹೊರಗಿನಿಂದ ಪದ್ಮವ್ವ ಕೇಳಿದಳು. ಜಗಳದ ದನಿಯಲ್ಲ, ತಿಳಿಯದ್ದನ್ನು ಕೇಳುವ ದನಿ. "ಮಾಸ್ತರ್ರ, ಇಡೀ ಸಾಲಿ, ಇಡೀ ಸಾಲಿ ಅಂತಿದ್ರಲ್ಲ. ಅದ್ರಾಗ ನಮ್ಮ ಓಣಿ ಬರತಿದ್ದಿಲ್ಲೇನ್ರಿ?"

ಮಾಸ್ತರರು ಹಾಜರಿ ಪುಸ್ತಕ ತಮ್ಮ ಕಡೆ ಎಳೆದುಕೊಂಡರು. ಇಪ್ಪತ್ತು ವರ್ಷದ ನೌಕರಿ, ಮಗಳ ಕಾಲೇಜು, ಊರಲ್ಲಿ ಮರ್ಯಾದೆ, ಎಲ್ಲವೂ ಆ ಚುಕ್ಕೆಯ ಸುತ್ತ ಒಂದು ಸುತ್ತು ಬಂದು ಹೋಯಿತು. ಅಂಜಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಹಳ ಅಂಜಿಕೆಯಾಯಿತು. ಆದರೂ ಪೆನ್ನು ತೆಗೆದರು. ಇಷ್ಟು ದಿನ ಸಾಹೇಬರ ಸಲುವಾಗಿ ಎಷ್ಟೋ ಚುಕ್ಕೆಗಳನ್ನು ಅಳಿಸಿ ಬರೆದಿದ್ದ ಕೈ, ಅದೇ ರೀತಿ ಈ ಚುಕ್ಕೆಯ ಮೇಲೂ ಬರೆಯಿತು.

"ಏನ ಮಾಡಾಕತ್ತೀರಿ? ತಲಿ ಕೆಟ್ಟೈತೇನ್ರಿ?" ಸಾಹೇಬರು ಎದ್ದು ನಿಂತರು.

ಮಾಸ್ತರರು ಅವರ ಕಡೆ ನೋಡಲಿಲ್ಲ. ಪುಸ್ತಕ ಎತ್ತಿಕೊಂಡು ಹೊಸ್ತಿಲಿಗೆ ಬಂದು ಪದ್ಮವ್ವನ ಎದುರು ಕುಕ್ಕರಿಸಿದರು. ಅವಳಿಗೆ ಓದಲು ಬರುತ್ತಿರಲಿಲ್ಲ.

"ಏನ ಬರದ್ರಿ?" ಎಂದಳು.

"ಹಾಜರ ಅಂತ ಬರದೆ. ನಾ ಗಂಟಿ ಹೊಡಸಿದೆ, ಆಕಿ ಬಂದ್ಲು."

ಪದ್ಮವ್ವ ಆ ಅಕ್ಷರದ ಮೇಲೆ ಬೆರಳಿಟ್ಟಳು.

"ಬಂದಿದ್ಲು," ಎಂದಳು. "ತಲಿ ಬಾಚ್ಕೊಂಡ, ರಿಬ್ಬನ್ ಕಟ್ಕೊಂಡ ಬಂದಿದ್ಲು ನನ್ನ ಕೂಸು."